ಜರ್ಮನ್ ಕಪಾಟಿನ ಹಕ್ಕಿ

ನನಗೊಂದು ಕೆಟ್ಟ ಚಾಳಿ ಇದೆ. ಯಾರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ಅದನ್ನೊಮ್ಮೆ ಸವರುತ್ತೇನೆ. ಮೇಜಿದ್ದರೆ ಮೇಜು, ಕಪಾಟಿದ್ದರೆ ಕಪಾಟಿನ ಬಾಗಿಲು. ಅಂಗೈಯಿಂದಲ್ಲ, ಬೆರಳ ತುದಿಯಿಂದ. ನನ್ನ ಹೆಂಡತಿ ಇದಕ್ಕೆ ಎತ್ತಿನ ವ್ಯಾಪಾರ ಎಂದು ಹೆಸರಿಟ್ಟಿದ್ದಾಳೆ. ಬಾಯಿ ತೆರೆಸಿ ಹಲ್ಲು ನೋಡುವುದೊಂದು ಬಾಕಿ ಎಂದು ನೆಂಟರ ಎದುರಿಗೇ ಹಂಗಿಸುತ್ತಾಳೆ. ಮೊನ್ನೆ ಇಲ್ಲೇ ಯಲ್ಲಾಪುರದಲ್ಲಿ ಒಂದು ಗೃಹಪ್ರವೇಶ. ಹೊಸ ಕಪಾಟು ಗೋಡೆಯಿಂದ ಗೋಡೆಗೆ ನಿಂತಿತ್ತು. ಸವರಿದೆ. ಮರವಲ್ಲ, ಮರದ ಪುಡಿ ಒತ್ತಿ ಮಾಡಿದ ಹಲಗೆ. ಮೇಲೆ ಮರದ ಫೋಟೋ ಅಂಟಿಸಿದ್ದಾರೆ. ಯಜಮಾನರು ಹಿಂದೆಯೇ ನಿಂತು ಹೇಗಿದೆ ಮಾಸ್ತರೇ ಎಂದು ಕೇಳಿದರು. ಭಾರೀ ಚಂದ ಇದೆ ಎಂದೆ. ಊಟಕ್ಕೆ ಕರೆದವರ ಹತ್ತಿರ ಮತ್ತೇನು ಹೇಳುತ್ತೀರಿ?

ಮಾಸ್ತರು ಎಂದರೆ ಡ್ರಾಯಿಂಗ್ ಮಾಸ್ತರು. ಹೈಸ್ಕೂಲಿನಲ್ಲಿ ಗಣಿತದವರು ರಜೆ ಹಾಕಿದಾಗಲೆಲ್ಲ ಮಕ್ಕಳನ್ನು ಸುಮ್ಮನೆ ಕೂರಿಸಲು ಕಳಿಸುತ್ತಿದ್ದರಲ್ಲ, ಆ ಜಾತಿ. ಬೋರ್ಡಿನ ಮೇಲೆ ನಾನು ಬರೆದ ಆಕಳನ್ನು ನೋಡಿ ಒಬ್ಬ ಹುಡುಗ ಮಂಚ ಎಂದು ಬರೆದುಕೊಂಡಿದ್ದ. ತಪ್ಪು ಅವನದಲ್ಲ. ಇಂಥವನಿಗೆ ಮರದ ಕೆಲಸದ ಹುಚ್ಚು ಹೇಗೆ ಹತ್ತಿತು ಎಂದರೆ, ಹತ್ತಿಸಿದ್ದು ಒಂದು ಜರ್ಮನ್ ಕಪಾಟು. ಈಚೆಗೆ ಏನನ್ನಾದರೂ ಸವರಲು ಹೆದರಿಕೆಯಾಗುತ್ತದೆ, ಆದರೂ ಕೈ ಕೇಳುವುದಿಲ್ಲ. ಹೆದರಿಕೆ ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಸುತ್ತು ಹಾಕಬೇಕಾಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಅಜ್ಜ ಶಿರಸಿಯಲ್ಲಿ ಒಬ್ಬ ಮರದ ನಾಟಾ ವ್ಯಾಪಾರಿಯ ಹತ್ತಿರ ಗುಮಾಸ್ತರಾಗಿದ್ದರು. ಮುಂಬೈ ಸರ್ಕಾರದ ಕಾಲ. ಯಲ್ಲಾಪುರದ ಕಾಡಿನ ಸಾಗವಾನಿ ನೋಡಿಕೊಳ್ಳಲು ಬಂದ ಒಬ್ಬ ಜರ್ಮನ್ ಸಾಹೇಬ ಅಲ್ಲೇ ಬಂಗಲೆ ಮಾಡಿಕೊಂಡು ಇದ್ದನಂತೆ. ಯುದ್ಧ ಶುರುವಾಯಿತು, ಸಾಹೇಬ ಒಂದೇ ದಿನದಲ್ಲಿ ಶತ್ರುವಾದ, ಹಿಡಿದುಕೊಂಡು ಹೋದರು. ಅವನ ಸಾಮಾನು ಲಿಲಾವಿಗೆ ಬಂತು. ಅಜ್ಜ ಹೋದದ್ದು ಸಾಹೇಬನ ಕೊಡೆ ತರಲು. ಕೊಡೆ ಬೇರೆ ಯಾರದೋ ಪಾಲಾಯಿತು. ಬರಿಗೈಯಲ್ಲಿ ಹೋದರೆ ಅಜ್ಜಿ ಬೈಯುತ್ತಾಳೆ ಎಂದು ಯಾರೂ ಕೂಗದ ಕಪಾಟನ್ನು ತಾವೇ ಕೂಗಿ, ಎತ್ತಿನ ಗಾಡಿಗೆ ಹೇರಿಸಿಕೊಂಡು ಬಂದರು. ಅಜ್ಜಿ ಹೇಗೂ ಬೈದಳು.

ಬೈದದ್ದಷ್ಟೇ ಅಲ್ಲ. ಸಾಹೇಬ ಅದರಲ್ಲಿ ಏನೇನು ಇಟ್ಟಿದ್ದನೋ, ಎಂಥೆಂಥ ಬಾಟಲಿಗಳಿದ್ದವೋ ಎಂದು ಅಂಗಳದಲ್ಲೇ ಇಳಿಸಿಕೊಂಡು, ಗೋಮೂತ್ರ ಚಿಮುಕಿಸಿ, ಹುಣಸೆಹಣ್ಣು ತಿಕ್ಕಿ, ಕೊಡಗಟ್ಟಲೆ ನೀರು ಹೊಯ್ದು ತೊಳೆದಳಂತೆ. ಹಿತ್ತಾಳೆ ಪಾತ್ರೆಗೆ ಮಾಡುವ ಉಪಚಾರವನ್ನೇ ಕಪಾಟಿಗೂ ಮಾಡಿದಳು. ಆ ಸ್ನಾನದಲ್ಲಿ ಕೆಳಗಿನ ಅಂಚಿನ ಚಿತ್ತಾರದ ಒಂದು ಬಳ್ಳಿ ಎದ್ದು ಬಂತು. ಉಳಿದದ್ದು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಇಷ್ಟಾದರೂ ಕಪಾಟಿಗೆ ಮನೆಯೊಳಗೆ ಪ್ರವೇಶ ಸಿಗಲಿಲ್ಲ, ಜಗುಲಿಯಲ್ಲೇ ಉಳಿಯಿತು. ನಾವು ಹುಟ್ಟಿ ದೊಡ್ಡವರಾಗುವ ಹೊತ್ತಿಗೆ ಅದರಲ್ಲಿ ಹಳೆಯ ಪಂಚಾಂಗ, ಒಡೆದ ಲಾಟೀನು, ಅಪ್ಪನ ಮುರಿದ ಕೊಡೆಗಳು ಇದ್ದವು.

ಎರಡು ಬಾಗಿಲು. ಬಲಬಾಗಿಲಿನ ಮೇಲೆ ಒಂದು ಹೂದಾನಿ, ಅದರಿಂದ ಇಳಿಬಿದ್ದ ಹೂವುಗಳು. ಎಡಬಾಗಿಲಿನ ಮೇಲೆ ಎಲೆ, ಹಣ್ಣು ಇರುವ ಒಂದು ಟೊಂಗೆ, ಟೊಂಗೆಯ ಮೇಲೆ ಒಂದು ಹಕ್ಕಿ. ಹಕ್ಕಿಯ ಕೊಕ್ಕು ಬಲಕ್ಕೆ, ಅಂದರೆ ಹೂದಾನಿಯ ಕಡೆಗೆ. ಅದು ಯಾವ ಹಕ್ಕಿ ಎಂದು ನನಗೂ ಅಕ್ಕನಿಗೂ ಹೊಡೆದಾಟವೇ ಆಗಿದೆ. ನಾನು ಪಿಕಳಾರ ಎನ್ನುತ್ತಿದ್ದೆ, ಅಕ್ಕ ಮಡಿವಾಳ ಎನ್ನುತ್ತಿದ್ದಳು. ನಮ್ಮ ಕಡೆಯದಲ್ಲದ ಹಕ್ಕಿ ಲೋಕದಲ್ಲಿ ಇರಬಹುದು ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಅಕ್ಕ ಅದರ ಕೊಕ್ಕಿಗೆ ಅನ್ನದ ಅಗುಳು ಮೆತ್ತಿ ಬೈಸಿಕೊಳ್ಳುತ್ತಿದ್ದಳು.

ಅದು ಬಣ್ಣದ ಚಿತ್ರವಲ್ಲ ಎಂಬುದು ನನಗೆ ಗೊತ್ತಾದದ್ದು ಮೀಸೆ ಬಂದ ಮೇಲೆ. ಎಲ್ಲವೂ ಮರ. ಕಾಗದಕ್ಕಿಂತ ತುಸು ದಪ್ಪದ ಮರದ ಹಾಳೆಗಳನ್ನು ಕತ್ತರಿಸಿ, ಒಂದರ ಪಕ್ಕ ಒಂದು ಕೂರಿಸಿ, ಕೆಳಗೆ ಅಂಟು ಹಾಕಿ ಮಾಡುವ ಚಿತ್ರ. ಮಾರ್ಕೆಟ್ರಿ ಎನ್ನುತ್ತಾರೆ. ಹಕ್ಕಿಯ ಎದೆಗೆ ಬಿಳಿಯ ಮೇಪಲ್, ರೆಕ್ಕೆಗೆ ಕಂದು ಅಕ್ರೋಟು ಮರ, ಹಣ್ಣಿಗೆ ಕೆಂಪಗಿನ ಯಾವುದೋ ಮರ, ಎಲೆಗೆ ಹಸಿರು ಬಣ್ಣದಲ್ಲಿ ನೆನೆಹಾಕಿದ ಹಾಳೆ. ಕಣ್ಣು ಮಾತ್ರ ಕರಿಮರದ ಒಂದು ಚೂರು, ಸಾಸಿವೆಯಷ್ಟು. ಬೇರೆ ಬೇರೆ ಮರದ ಹಾಳೆಗಳನ್ನು ಒಟ್ಟಿಗೆ ಪೇರಿಸಿ, ಎಳೆಯಂಥ ಗರಗಸದಿಂದ ಒಂದೇ ಸಲಕ್ಕೆ ಕೊಯ್ಯುತ್ತಾರೆ. ಹಾಗಾಗಿ ಒಂದರ ಅಂಚು ಇನ್ನೊಂದಕ್ಕೆ ತಪ್ಪದೆ ಕೂರುತ್ತದೆ. ನನಗೆ ತುಂಬ ಹಿಡಿಸಿದ್ದು ನೆರಳು ಮಾಡುವ ಕ್ರಮ. ರೆಕ್ಕೆಯ ಕೆಳಗೆ, ಎಲೆಯ ಮಗ್ಗುಲಿಗೆ ಕಪ್ಪು ಛಾಯೆ ಬೇಕಲ್ಲ? ಬಾಣಲೆಯಲ್ಲಿ ಮರಳು ಕಾಯಿಸಿ ಆ ಚೂರಿನ ಅಂಚನ್ನು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಹೆಚ್ಚು ಹೊತ್ತು ಇಟ್ಟರೆ ಸುಟ್ಟಿತು, ಕಡಿಮೆಯಾದರೆ ನೆರಳು ಬರಲಿಲ್ಲ. ಈಗಿನ ಕಾಲಕ್ಕೆ ಇದನ್ನೆಲ್ಲ ಮೊಬೈಲಿನಲ್ಲಿ ಜರ್ಮನರೇ ಮಾಡಿ ತೋರಿಸುತ್ತಾರೆ. ಮಾತು ಒಂದಕ್ಷರ ತಿಳಿಯದಿದ್ದರೂ ನಾನು ಊಟ ಬಿಟ್ಟು ನೋಡುತ್ತಿರುತ್ತೇನೆ.

ಶಿರಸಿಯಲ್ಲಿ ನನಗೊಬ್ಬ ಗುಡಿಗಾರ ಸ್ನೇಹಿತನಿದ್ದಾನೆ, ಗಂಧದ ಕೆತ್ತನೆ ಮಾಡುವವನು. ಅವನಿಗೆ ಒಮ್ಮೆ ಈ ಕಪಾಟು ತೋರಿಸಿದ್ದೆ. ಬಹಳ ಹೊತ್ತು ನೋಡಿ, ಸವರಿ, ಇದು ಕೈಗೇ ಸಿಗುವುದಿಲ್ಲವಲ್ಲ ಎಂದ. ನಮ್ಮಲ್ಲಿ ಕೆತ್ತನೆ ಎಂದರೆ ಎದ್ದು ನಿಲ್ಲಬೇಕು. ಆನೆಯ ಸೊಂಡಿಲು, ಬಳ್ಳಿಯ ಕುಡಿ ಕೈಗೆ ತಾಗಬೇಕು. ಜರ್ಮನರ ಈ ಕೆಲಸದಲ್ಲಿ ಅದೇ ತಪ್ಪು. ಅಂಟು ಒಣಗಿದ ಮೇಲೆ ಉಕ್ಕಿನ ತಗಡಿನಿಂದ ಹೆರೆದು ಹೆರೆದು ಎಲ್ಲವನ್ನೂ ಒಂದೇ ಸಮ ಮಾಡುತ್ತಾರೆ. ಚಿತ್ರ ಕಣ್ಣಿಗೆ ಕಾಣಬೇಕು, ಬೆರಳಿಗೆ ಸಿಗಬಾರದು. ಆ ಕಸುಬಿನ ಪರೀಕ್ಷೆಯೇ ಅದು.

ನಮಗೆ ಅದು ಆಟವಾಗಿತ್ತು. ಕಣ್ಣಿಗೆ ಅಮ್ಮನ ಹಳೆಯ ಸೀರೆಯ ತುಂಡು ಕಟ್ಟಿ, ಮೂರು ಸುತ್ತು ತಿರುಗಿಸಿ, ಕಪಾಟಿನ ಎದುರು ನಿಲ್ಲಿಸಿ, ಹಕ್ಕಿ ಹುಡುಕು ಎನ್ನುವುದು. ಎಷ್ಟು ಸವರಿದರೂ ಸಿಗುತ್ತಿರಲಿಲ್ಲ. ನಾನು ಬಟ್ಟೆಯ ಕೆಳಗಿಂದ ಇಣುಕಿ ಸಿಕ್ಕಿತು ಎನ್ನುತ್ತಿದ್ದೆ. ಅಕ್ಕ ಯಾವತ್ತೂ ಇಣುಕುತ್ತಿರಲಿಲ್ಲ, ಯಾವತ್ತೂ ಸೋಲುತ್ತಿದ್ದಳು. ಮದುವೆಯಾಗಿ ಸಿದ್ದಾಪುರಕ್ಕೆ ಹೋಗುವಾಗ ಬಂಗಾರ ಬೇಡ, ಕಪಾಟು ಬೇಕು ಎಂದು ಹಟ ಹಿಡಿದು ಲಾರಿಯಲ್ಲಿ ಹಾಕಿಸಿಕೊಂಡು ಹೋದಳು. ಬಂಗಾರವನ್ನೂ ಕೊಟ್ಟರು ಅನ್ನಿ.

ಭಾವನದು ಸಿದ್ದಾಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಅವರಷ್ಟು ಒಳ್ಳೆಯ ಮನುಷ್ಯನನ್ನು ನಾನು ನೋಡಿಲ್ಲ, ಅವರಷ್ಟು ಅವಸರದವರನ್ನೂ ನೋಡಿಲ್ಲ. ಏನೇ ಕಿರುಗುಟ್ಟಿದರೂ ಎಣ್ಣೆ ಬಿಡಬೇಕು, ಏನೇ ಅಲುಗಿದರೂ ಬಿಗಿ ಮಾಡಬೇಕು. ಒಮ್ಮೆ ಅವರ ಮನೆಯಲ್ಲಿ ಉಳಿದಾಗ ರಾತ್ರಿ ಕಳಚಿಟ್ಟ ನನ್ನ ಚಪ್ಪಲಿಗೆ ಬೆಳಗಾಗುವುದರೊಳಗೆ ಹೊಸ ಮೊಳೆ ಬಿದ್ದಿತ್ತು. ಎರಡು ದಿನ ಕುಂಟಿದೆ, ಅವರಿಗೆ ಹೇಳಲಿಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು. ಅದು ಕಣ್ಣಿಗೆ ಇಳಿಯಿತು. ಒಳಗೆ ರಕ್ತ ಒಸರುತ್ತದೆ ಎಂದರು, ಲೇಸರ್ ಎಂದರು, ಚುಚ್ಚುಮದ್ದು ಎಂದರು. ಹುಬ್ಬಳ್ಳಿಗೆ ಎಷ್ಟು ಸಲ ಓಡಾಡಿದೆವೋ ಲೆಕ್ಕವಿಲ್ಲ. ಮೊದಲು ಎಡಗಣ್ಣು, ಅದರ ಹಿಂದೆ ಬಲಗಣ್ಣು. ಅಕ್ಕ ಅಳಲಿಲ್ಲ. ಅಡುಗೆ ಮನೆಯ ಡಬ್ಬಿಗಳನ್ನು ತನ್ನ ಕೈಗೆ ಸಿಗುವಂತೆ ಜೋಡಿಸಿಕೊಂಡಳು, ಮಲ್ಲಿಗೆ ಕಟ್ಟುವುದನ್ನು ಬಿಡಲಿಲ್ಲ, ಅಕ್ಕಿ ಆರಿಸುವುದನ್ನೂ ಬಿಡಲಿಲ್ಲ. ಅಳುತ್ತಿದ್ದವರು ಭಾವ, ಅದೂ ಅಂಗಡಿಯಲ್ಲಿ, ಮೋಟರು ಬಿಚ್ಚಿಕೊಂಡು ಕೂತು.

ಕಣ್ಣು ಹೋದ ಮೇಲಿನ ಮೊದಲ ಮಳೆಗಾಲ. ಒಂದು ದಿನ ಅಕ್ಕನ ಫೋನು. ಏನು ಎತ್ತ ಕೇಳುವ ಮೊದಲೇ "ತಮ್ಮಾ, ಹಕ್ಕಿ ಸಿಕ್ತು" ಎಂದಳು.

ಕಪಾಟು ಒರೆಸುತ್ತಿದ್ದಳಂತೆ. ಬೆರಳಿಗೆ ಏನೋ ತಾಗಿತು. ಇನ್ನೊಮ್ಮೆ ಸವರಿದರೆ ಕೊಕ್ಕು. ಕೊಕ್ಕಿನ ಹಿಂದೆ ತಲೆ, ತಲೆಯ ಹಿಂದೆ ಬೆನ್ನು, ಬಾಲ. ಬಾಲದಲ್ಲಿ ಒಂದು ಗರಿ ಉಳಿದ ಗರಿಗಳಿಗಿಂತ ಗಿಡ್ಡ, ನಾವು ಕಣ್ಣಿದ್ದಾಗ ನೋಡಿಯೇ ಇರಲಿಲ್ಲ ಎಂದು ಹೇಳಿ ನಕ್ಕಳು. ಅವಳು ಅಷ್ಟು ನಕ್ಕದ್ದು ಕೇಳಿ ಎಷ್ಟೋ ಕಾಲವಾಗಿತ್ತು. ಇದು ಮಡಿವಾಳವೂ ಅಲ್ಲ, ನಿನ್ನ ಪಿಕಳಾರವೂ ಅಲ್ಲ ಎಂದು ಹಳೆಯ ಜಗಳವನ್ನೂ ತೀರ್ಮಾನ ಮಾಡಿದಳು. ಕೊನೆಗೆ ದನಿ ತಗ್ಗಿಸಿ, "ಇವಕ್ಕೆ ಹೇಳಡ, ನೆಗ್ಯಾಡ್ತ" ಎಂದಳು. ಮುದುಕಿ ಕಪಾಟಿನ ಹಕ್ಕಿ ಸವರುತ್ತ ಕೂತಿದ್ದಾಳೆ ಎಂದು ಗಂಡ ನಗುತ್ತಾರೆ ಎಂಬ ನಾಚಿಕೆ.

ನನಗೆ ಮಾತ್ರ ಬೇರೆಯೇ ತಿಳಿಯಿತು. ಹಕ್ಕಿ ಕೈಗೆ ಸಿಗುತ್ತಿದೆ ಎಂದರೆ ಕಪಾಟು ಸಾಯುತ್ತಿದೆ ಎಂದು ಅರ್ಥ. ಆ ಕಾಲದ ಅಂಟು ದನದ ಚರ್ಮ, ಮೂಳೆ ಕುದಿಸಿ ಮಾಡಿದ್ದು. ಒಣಹವೆಯಲ್ಲಿ ನೂರಾರು ವರ್ಷ ಹಿಡಿದುಕೊಳ್ಳುತ್ತದೆ, ತೇವಕ್ಕೆ ಸೋಲುತ್ತದೆ. ಅಜ್ಜಿಯ ಕೊಡಗಟ್ಟಲೆ ನೀರಿಗೆ ಜಗ್ಗದ್ದು ವರ್ಷ ವರ್ಷದ ಥಂಡಿಗೆ ಸಡಿಲಾಗಿತ್ತು. ಚೂರುಗಳ ಅಂಚು ಒಂದೊಂದಾಗಿ ಮೇಲೆದ್ದಿದ್ದವು. ಅಕ್ಕ ಸಂತೋಷಪಡುತ್ತಿದ್ದದ್ದು ಆ ಎದ್ದ ಅಂಚುಗಳಿಗೆ. ಇದನ್ನು ಅವಳಿಗೆ ಹೇಳುವ ಮನಸ್ಸು ನನಗೆ ಬರಲಿಲ್ಲ, ಯಾರಿಗೆ ತಾನೇ ಬರುತ್ತದೆ? ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿದ ಮೇಲೆ, ಭಾವ ಅಂಗಡಿಗೆ ಹೋದ ಹೊತ್ತು ನೋಡಿ, ಹಕ್ಕಿಯನ್ನು ಸವರುವುದು ಅವಳ ನೇಮವಾಯಿತು.

ಹೋದ ಬೇಸಿಗೆಯ ಕೊನೆಗೆ ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಯಲ್ಲಾಪುರದಿಂದ ಹುಬ್ಬಳ್ಳಿ ಹತ್ತಿರ, ರಕ್ತಪರೀಕ್ಷೆ ಅದೂ ಇದೂ ಎಂದು ಎರಡು ಮೂರು ಸಲ ಹೋಗಬೇಕಿತ್ತು. ಡಾಕ್ಟರು ಅವಳ ಕಾಲಿಗೂ ಬೆರಳಿಗೂ ಸೂಜಿ ಚುಚ್ಚಿ, ಹತ್ತಿ ತಾಗಿಸಿ ನೋಡಿದರು. ಸದ್ಯಕ್ಕೆ ಬೆರಳು ಸರಿಯಾಗಿವೆ ಎಂದರು. ಆದರೆ ಈ ಕಾಯಿಲೆಯಲ್ಲಿ ಸ್ಪರ್ಶ ಹೋಗುವುದುಂಟು, ಮೊದಲು ಸಣ್ಣ ಸಣ್ಣದು ಗೊತ್ತಾಗುವುದು ನಿಲ್ಲುತ್ತದೆ, ಹಾಗೇನಾದರೂ ಆದರೆ ಕೂಡಲೇ ಬನ್ನಿ ಎಂದರು. ಬಸ್ಸಿನಲ್ಲಿ ಬರುವಾಗ ಅಕ್ಕ ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಳ್ಳುತ್ತಿದ್ದಳು. ಕಣ್ಣಿಲ್ಲದೆ ಬದುಕುವುದು ಕಲಿತೆ, ಬೆರಳೂ ಇಲ್ಲದಿದ್ದರೆ ನಾನು ಗೋಣಿಚೀಲವೇ ಸೈ ಎಂದಳು. ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು.

"ಹಕ್ಕಿ ಇದ್ದಲಾ," ಎಂದಳು. "ದಿನಾ ಬೆಳಿಗ್ಗೆ ಮುಟ್ಟಿದ್ರೆ ಗೊತ್ತಾಗ್ತು, ಬೆರಳು ಸರಿ ಇದ್ದಾ ಇಲ್ಯಾ ಹೇಳಿ."

ಅತ್ತ ಸಿದ್ದಾಪುರದಲ್ಲಿ ಭಾವ ಒಬ್ಬರೇ. ಮಳೆ ಹಿಡಿಯುವ ಮೊದಲು ಮರಮುಟ್ಟಿಗೆ ಗೇರೆಣ್ಣೆ ಹಚ್ಚುವುದು ನಮ್ಮ ಕಡೆಯ ಪದ್ಧ‌ತಿ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪನೆಯ, ಮಂದನೆಯ ಎಣ್ಣೆ. ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಒರಲೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಮಾಡಿನ ಪಕಾಸಿಗೆ, ಬಾಗಿಲ ಚೌಕಟ್ಟಿಗೆ, ಬೇಲಿಯ ಗೂಟಕ್ಕೆ, ಎಲ್ಲದಕ್ಕೂ ಅದೇ. ಹಚ್ಚುತ್ತ ಹಚ್ಚುತ್ತ ಭಾವ ಕಪಾಟಿನ ಹತ್ತಿರ ಬಂದರೆ ಅದರ ಕಾಲಿನ ಬುಡದಲ್ಲಿ ಒರಲೆಯ ಮಣ್ಣು. ಕಾಲಿಗೆ ಹಚ್ಚಿದರು. ತಲೆಯೆತ್ತಿ ನೋಡಿದರೆ ಎಡಬಾಗಿಲಿನ ಮೇಲೆ ಚೂರುಗಳೆಲ್ಲ ಎದ್ದು ನಿಂತಿವೆ. ಹಿಂದೊಮ್ಮೆ ಅಕ್ಕನ ಬೆರಳಿಗೆ ಅಲ್ಲಿಯದೇ ಒಂದು ಮರದ ಸಿಬರು ಹೊಕ್ಕಿತ್ತು. ಅಯ್ಯೋ ಪಾಪ, ಕಣ್ಣಿಲ್ಲದವಳಿಗೆ ಇದು ಚುಚ್ಚುತ್ತದೆ, ಗೇರೆಣ್ಣೆ ಅಂಟೂ ಹೌದಲ್ಲ, ಸಂದಿಗೆ ಇಳಿದರೆ ಎಲ್ಲ ಕಚ್ಚಿಕೊಳ್ಳುತ್ತದೆ ಎಂದು ಬಾಗಿಲಿಗೂ ಬಳಿದರು.

ಬೆಳಿಗ್ಗೆ ಎದ್ದು ನೋಡುವಾಗ ಬಾಗಿಲು ಬಾಣಲೆಯ ತಳದಂತೆ ಕಪ್ಪಾಗಿತ್ತು. ಬಿಳಿ ಎದೆ, ಹಸಿರೆಲೆ ಎಲ್ಲ ಆ ಎಣ್ಣೆಯನ್ನು ಕುಡಿದಿದ್ದವು. ಭಾವ ಗಾಬರಿಬಿದ್ದು ಸೀಮೆಎಣ್ಣೆ ಹಾಕಿ ಉಜ್ಜಿದರು. ಹೋಗಲಿಲ್ಲ. ಆಮೇಲೆ ಅಂಗಡಿಯಿಂದ ಉಜ್ಜುವ ಮಷಿನ್ನು ತಂದು ಹಿಡಿದರು. ಪಂಪಿನ ತುಕ್ಕು ತೆಗೆಯುವ ಮಷಿನ್ನಿಗೆ ಕಾಗದದಂಥ ಮರ ಎಷ್ಟು ಹೊತ್ತಿನದು? ಕಪ್ಪೂ ಹೋಯಿತು, ಹಕ್ಕಿಯೂ ಹೋಯಿತು, ತಳದ ಹಲಗೆ ಬಂತು. ಅದಕ್ಕೆ ಒಳ್ಳೆಯ ಪಾಲಿಶು ಹಾಕಿಸಿ, ಬಲಬಾಗಿಲಿನಷ್ಟೇ ನುಣ್ಣಗೆ ಮಾಡಿಸಿ, ಕೈಯೆಲ್ಲ ಬೊಕ್ಕೆ ಎಬ್ಬಿಸಿಕೊಂಡು, ಯಲ್ಲಾಪುರಕ್ಕೆ ಬಂದು ಅಕ್ಕನನ್ನು ಕರೆದುಕೊಂಡು ಹೋದರು. ಹೇಗೂ ಕಾಣುವುದಿಲ್ಲ, ಇನ್ನು ಚುಚ್ಚುವುದಿಲ್ಲವಲ್ಲ ಎಂದು ಅವರ ಲೆಕ್ಕ. ಅವಳು ಅದನ್ನು ದಿನಾ ಮುಟ್ಟುತ್ತಿದ್ದಳೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಇದೊಂದೂ ನನಗೆ ಆಗ ತಿಳಿಯದು. ಅಕ್ಕನ ಫೋನು ನಿಂತಿತು. ನಾನೇ ಮಾಡಿದರೆ ಹೂಂ ಉಹೂಂ. ಮಳೆ ಜೋರಾಗಿದ್ದ ಒಂದು ದಿನ ಅಕ್ಕನ ಬಗ್ಗೆ ಹೇಳಲು ಭಾವ ಫೋನು ಮಾಡಿದರು. ನನ್ನನ್ನೂ ಅವರು ಭಾವಾ ಎಂದೇ ಕರೆಯುವುದು. "ಊಟ ಸರಿ ಮಾಡ್ತಿಲ್ಲೆ ಭಾವಾ. ಮಾತ್ರೆ ಕೊಟ್ರೆ ನುಂಗಿದ್ದೇಳಿ ಸುಳ್ಳು ಹೇಳ್ತು. ಕೈ ಸೆರಗಲ್ಲಿ ಸುತ್ಕ್ಯಂಡು ಕೂತ್ಕತ್ತು. ಎಂತ ಮಾಡವು ಗೊತ್ತಾಗ್ತಿಲ್ಲೆ," ಎಂದರು. ಮರುದಿನವೇ ಶಿರಸಿ ಬಸ್ಸು ಹಿಡಿದು ಸಿದ್ದಾಪುರಕ್ಕೆ ಹೋದೆ.

ಒಳಗೆ ಕಾಲಿಡುತ್ತಲೇ ಕಣ್ಣಿಗೆ ಬಿದ್ದದ್ದು ಆ ಬಾಗಿಲು. ಬೋಳು ಹಲಗೆ, ಮಿರಮಿರ ಪಾಲಿಶು. ಭಾವ ಕಣ್ಣಲ್ಲೇ ಸನ್ನೆ ಮಾಡಿ ಅಂಗಡಿಗೆ ಕರೆದುಕೊಂಡು ಹೋಗಿ ನಡೆದದ್ದನ್ನೆಲ್ಲ ಹೇಳಿದರು. ಎಂಥ ಕೆಲಸ ಮಾಡಿದಿರಿ ಎಂದು ಬೈಯಬೇಕೆಂದು ಬಾಯಿ ತೆರೆದವನ ಕಣ್ಣು ಅವರ ಕೈ ಮೇಲೆ ಬಿತ್ತು. ಬೊಕ್ಕೆ ಒಡೆದು ಸಿಪ್ಪೆ ಏಳುತ್ತಿದ್ದವು.

ಅಕ್ಕನ ಹತ್ತಿರ ಕೂತು ಏನಾಯಿತು ಎಂದು ಕೇಳಿದೆ. ಅವಳು ಸೆರಗು ಬಿಚ್ಚಿ ಎರಡೂ ಕೈ ಮುಂದೆ ಚಾಚಿದಳು.

"ಬೆರಳು ಹೋತು ತಮ್ಮಾ," ಎಂದಳು. "ಹಕ್ಕಿ ಸಿಕ್ತಿಲ್ಲೆ. ಬಂದ ದಿನಂದ ನೋಡ್ತಾ ಇದ್ದಿ. ಬರೀ ನುಣ್ಣಗೆ."

ನಾನು ಒಂದು ಕ್ಷಣವೂ ತಡಮಾಡಲಿಲ್ಲ. ಬೆರಳಿಗೆ ಏನೂ ಆಗಿಲ್ಲ, ಹಕ್ಕಿಯೇ ಇಲ್ಲ, ಭಾವ ಹೀಗೆ ಹೀಗೆ ಮಾಡಿದರು ಎಂದು ಬಿಡಿಸಿ ಹೇಳಿದೆ. ಅಕ್ಕ ಪೂರ್ತಿ ಕೇಳಿದಳು. ಕೇಳಿ, ನನ್ನ ಮೊಣಕಾಲು ತಟ್ಟಿ, ಸಣ್ಣವನಿದ್ದಾಗಲೂ ಹೀಗೇ, ಬಟ್ಟೆಯ ಕೆಳಗಿಂದ ಇಣುಕಿ ಕತೆ ಕಟ್ಟುತ್ತಿದ್ದೆ ಎಂದಳು. ನಂಬಲಿಲ್ಲ. ಭಾವ ಬಂದು ಅವಳ ಎದುರು ನೆಲದ ಮೇಲೆ ಕೂತು ತಾವೇ ಒಪ್ಪಿಕೊಂಡರು. ಮಾತು ಮುಗಿಯುವ ಮೊದಲೇ ಅತ್ತರು. ಅವರು ಅತ್ತದ್ದೇ ಕೆಲಸ ಕೆಡಿಸಿತು.

"ನಿಂಗ ಎಂತಕ್ಕೆ ತಪ್ಪು ತಲೆ ಮೇಲೆ ಹಾಕ್ಯತ್ತಿ?" ಎಂದಳು ಅಕ್ಕ. "ನಂಗೆ ಸಕ್ರೆ ಕಾಯಿಲೆ ಬಂದಿದ್ದು ನಿಂಗಳಿಂದ್ಲಾ?"

ಅವಳನ್ನು ಕಪಾಟಿನ ಹತ್ತಿರ ಕರೆದೊಯ್ದೆ. ಎಡಬಾಗಿಲು ಮುಟ್ಟಿಸಿದೆ, ಬಲಬಾಗಿಲು ಮುಟ್ಟಿಸಿದೆ. ಬಲಬಾಗಿಲಿನ ಹೂದಾನಿ ಇನ್ನೂ ಅಂಚು ಎಬ್ಬಿಸದೆ ಹಾಗೇ ಕೂತಿತ್ತು. ಎರಡೂ ಒಂದೇ ಥರ ಇವೆ, ಹೂದಾನಿ ಇದೆ ತಾನೆ, ಅದೂ ನನಗೆ ಸಿಗುವುದಿಲ್ಲ, ಹಾಗೆಯೇ ಹಕ್ಕಿಯೂ ಇದೆ, ನನಗೆ ಸಿಗುವುದಿಲ್ಲ ಎಂದಳು. ಉತ್ತಮ ಕೆಲಸಗಾರ ಮಾಡಿದ ಬಾಗಿಲೂ ಭಾವನ ಮಷಿನ್ನು ಬೋಳಿಸಿದ ಬಾಗಿಲೂ ಕೈಗೆ ಒಂದೇ. ಅಕ್ಕಿ ಕೊಟ್ಟೆ, ಅಕ್ಕಿ ಎಂದಳು. ಮಲ್ಲಿಗೆಯ ತೊಟ್ಟು ಕೊಟ್ಟೆ, ಗುರುತು ಹಿಡಿದಳು. ದೊಡ್ಡದೆಲ್ಲ ಗೊತ್ತಾಗುತ್ತದೆ, ಸಣ್ಣದು ಮೊದಲು ಹೋಗುತ್ತದೆ ಎಂದು ಡಾಕ್ಟರೇ ಹೇಳಿದ್ದಾರಲ್ಲ ಎಂದು ನನ್ನ ಬಾಯಿ ಮುಚ್ಚಿಸಿದಳು. ಹಾಗಾದರೆ ಹುಬ್ಬಳ್ಳಿಗೆ ಹೋಗೋಣ ಎಂದರೆ ಸುತರಾಂ ಒಪ್ಪಲಿಲ್ಲ. ಕಣ್ಣಿಗೂ ಹೀಗೇ ಓಡಾಡಿದ್ದು, ಏನು ಬಂತು ಎಂದಳು. ನಿಜ ಹೇಳಿ ಸೋಲುವುದು ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ.

ಯಲ್ಲಾಪುರಕ್ಕೆ ವಾಪಸಾದವನು ಮಳೆಗಾಲವಿಡೀ ಒಂದೇ ಕೆಲಸ ಮಾಡಿದೆ. ಹಕ್ಕಿ ಮಾಡಿದೆ. ಗುಡಿಗಾರ ಸ್ನೇಹಿತ ಚೂರು ಮರ ಕೊಟ್ಟ, ಪ್ಲೈವುಡ್ ಅಂಗಡಿಯವನು ತೆಳು ಹಾಳೆ ಕೊಟ್ಟ. ಸಣ್ಣ ಗರಗಸದ ಬ್ಲೇಡು ಮುರಿದದ್ದೇ ಮುರಿದದ್ದು. ಹೆಂಡತಿಯ ಬಾಣಲೆಯಲ್ಲಿ ಮರಳು ಕಾಯಿಸಿ ರೆಕ್ಕೆಯನ್ನು ಸುಟ್ಟು ಇದ್ದಿಲು ಮಾಡಿದೆ. ಮೊದಲ ಹಕ್ಕಿ ಕೋಳಿಯಾಯಿತು, ಎರಡನೆಯದು ಏನೆಂದು ಈವರೆಗೆ ಗೊತ್ತಾಗಿಲ್ಲ. ಅಂಚು ಕೈಗೆ ಸಿಗಬಾರದೆಂದು ಜರ್ಮನರು ಒದ್ದಾಡಿದರೆ ನಾನು ಸಿಗಲಿ ಎಂದು ದಪ್ಪ ಹಾಳೆಯನ್ನೇ ಬಳಸಿದೆ. ಕೊನೆಗೆ ಒಂದು ಹಕ್ಕಿ ಹಕ್ಕಿಯಂತೆ ಬಂತು, ಅಗಲ ಉದ್ದ ಹಳೆಯದರಷ್ಟೇ.

ಒಂದು ವಿಷಯ ಮಾತ್ರ ಬೇಕೆಂದೇ ತಪ್ಪು ಮಾಡಿದೆ, ಯಾರಿಗೂ ಹೇಳದೆ. ಹಳೆಯ ಹಕ್ಕಿಯ ಕೊಕ್ಕು ಬಲಕ್ಕಿತ್ತು. ನನ್ನ ಹಕ್ಕಿಯನ್ನು ತಿರುಗಿಸಿ, ಕೊಕ್ಕು ಎಡಕ್ಕೆ, ಬಾಲ ಬಲಕ್ಕೆ ಬರುವಂತೆ ಮಾಡಿದೆ. ಎರಡು ವರ್ಷ ದಿನಾ ಸವರಿದವಳು, ಮುಟ್ಟಿದ ಕೂಡಲೇ ಹಿಡಿಯುತ್ತಾಳೆ. ಡ್ರಾಯಿಂಗ್ ಮಾಸ್ತರಂತೆ, ಹಕ್ಕಿ ಯಾವ ಬದಿ ನೋಡುತ್ತದೆ ಎಂಬುದೂ ನೆನಪಿಲ್ಲ ಎಂದು ಬೈಯುತ್ತಾಳೆ. ಬೈಯುವ ಬಾಯಿಂದಲೇ ಬೆರಳು ಸರಿಯಾಗಿದೆ ಎಂದು ಒಪ್ಪಿಸಬೇಕು. ಆ ಬೈಗುಳವನ್ನು ನೆನೆಸಿಕೊಂಡು ರಾತ್ರಿ ಒಬ್ಬನೇ ನಗುತ್ತಿದ್ದೆ.

ದೀಪಾವಳಿಯ ಮುಂಚೆ ಹೋಗಿ ಬಾಗಿಲಿಗೆ ಅಂಟಿಸಿದೆ. ಅಕ್ಕ ಇಳಿದುಹೋಗಿದ್ದಳು, ಪಾದದಲ್ಲಿ ಒಂದು ಹುಣ್ಣು ಮಾಯದೆ ಉಳಿದಿತ್ತು. ಮಾತ್ರೆಯನ್ನು ತಿಂಗಳುಗಟ್ಟಲೆ ತಪ್ಪಿಸಿದ್ದಾಳೆ ಎಂದು ಭಾವ ಹೇಳಿದರು. ಅವರಿಗೆ ನನ್ನ ಹಕ್ಕಿಯಲ್ಲಿ ಏನೂ ತಪ್ಪು ಕಾಣಲಿಲ್ಲ, ಆ ಚಿತ್ರವನ್ನು ಅವರು ಯಾವತ್ತೂ ಸರಿಯಾಗಿ ನೋಡಿದವರೇ ಅಲ್ಲ. ಅದೇ ಹಕ್ಕಿ, ಅದೇ ಹಕ್ಕಿ ಎಂದು ನನ್ನ ಕೈ ಹಿಡಿದುಕೊಂಡರು. ಅಕ್ಕನನ್ನು ಮೆಲ್ಲನೆ ಎಬ್ಬಿಸಿ, ಕಪಾಟಿನ ಎದುರು ನಿಲ್ಲಿಸಿ, ಒಂದು ಸಲ ಮುಟ್ಟಿ ನೋಡು ಎಂದೆವು. ಒಲ್ಲೆ ಒಲ್ಲೆ ಎನ್ನುತ್ತಲೇ ಕೈ ಎತ್ತಿದಳು.

ಬೆರಳುಗಳು ಬಾಗಿಲಿನ ಮೇಲೆ ಬಹಳ ಹೊತ್ತು ಓಡಾಡಿದವು. ಕೊಕ್ಕಿನ ಮೇಲೆ ಹಾದು ಹೋದವು, ನಿಲ್ಲಲಿಲ್ಲ. ಮತ್ತೆ ಬಂದವು, ಮತ್ತೆ ನಿಲ್ಲಲಿಲ್ಲ. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಭಾವ ಅವಳ ಮುಖವನ್ನೇ ನೋಡುತ್ತ ಸಿಕ್ಕಿತೇ, ಸಿಕ್ಕಿತೇ ಎಂದು ಪಿಸುಗುಡುತ್ತಿದ್ದರು. ಅಕ್ಕ ಆ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಸಿಕ್ತು," ಎಂದಳು. "ಅದೇ ಹಕ್ಕಿ."

ಭಾವ ಹೆಗಲ ಮೇಲಿನ ಪಂಚೆಯಿಂದ ಕಣ್ಣೊರೆಸಿಕೊಂಡರು. ಬೆರಳು ಸರಿ ಇದೆ ಎಂದು ನಾನು ಆವತ್ತೇ ಹೇಳಲಿಲ್ಲವೇ ಎಂದು ಅವಳಿಗೊಮ್ಮೆ ನನಗೊಮ್ಮೆ ಹೇಳಿದರು. ಏನು ಮಾಡಬೇಕೆಂದು ತೋಚದೆ, ಎಲ್ಲರಿಗೂ ಚಾ ಮಾಡುತ್ತೇನೆ ಎಂದು ಒಳಗೆ ಹೋದರು.

ನಾವಿಬ್ಬರೇ ಉಳಿದೆವು. ಮರೆತಿರಬಹುದು, ಅವಸರದಲ್ಲಿ ಗಮನಿಸಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಕೊಕ್ಕು ಯಾವ ಬದಿಗಿದೆ ಅಕ್ಕಾ ಎಂದು ಕೇಳಿದೆ.

"ಮೊದ್ಲಿದ್ದ ಬದಿಗೇಯ. ಇಲ್ಲಿದ್ದು ನೋಡು," ಎಂದು ಬೆರಳಿಟ್ಟು ತೋರಿಸಿದಳು. ಬೆರಳು ಹಳೆಯ ಕೊಕ್ಕಿದ್ದ ಜಾಗದಲ್ಲಿ, ನನ್ನ ಹಕ್ಕಿಯ ಬಾಲದ ಮೇಲಿತ್ತು.

ಗಂಡನ ಸಮಾಧಾನಕ್ಕೆ ಹಾಗೆಂದಳೋ, ಸಿಕ್ಕಿತೆಂದು ತಾನೇ ನಂಬಿದ್ದಳೋ ನಾನು ಕೇಳಲಿಲ್ಲ. ಒಳಗೆ ಭಾವ ಸ್ಟವ್ ಹಚ್ಚಿ, ಡಬ್ಬಿಗಳನ್ನು ಸದ್ದು ಮಾಡುತ್ತ, ಏನೋ ಗುನುಗುತ್ತಿದ್ದರು.

"ಹೌದು ಅಕ್ಕಾ, ಅಲ್ಲೇ ಇದ್ದು," ಎಂದೆ.